ಅಕ್ಕೋರ ಕಟ್ಟೆ: ಮೂರನೇ ಸಾಲಿನಲ್ಲಿ ಒಂದು ಮನೆಯ ಹೆಸರು

ಹೋದ ಸಂಚಿಕೆಯಲ್ಲಿ ನಮ್ಮ ಅಂಕೋಲೆ ಕಡೆಯ ಕರನಿರಾಕರಣೆ ಕಾಲದ ಹಾಡುಗಳ ಬಗ್ಗೆ ಒಂದು ಪುಟ ಬರೆದಿದ್ದೆ. ನನ್ನ ಅಜ್ಜಿ ಹೇಳುತ್ತಿದ್ದ ಒಂದು ಹಾಡಿನ ಸುದ್ದಿಯೂ ಅದರಲ್ಲಿತ್ತು. ತೀರ್ವೆ ಕಟ್ಟುವುದಿಲ್ಲ ಎಂದು ಕೂತವರ ಗದ್ದೆಗಳನ್ನು ಬ್ರಿಟಿಷ್ ಸರಕಾರ ಲಿಲಾವಿಗೆ ಹಾಕಿತ್ತಲ್ಲ, ಆ ಲಿಲಾವಿನಲ್ಲಿ ಗದ್ದೆ ಕೊಂಡವರಿಗೆ ಶಾಪ ಹಾಕುವ ಹಾಡು. ಅಷ್ಟಕ್ಕೇ ಈ ತಿಂಗಳು ಪತ್ರಗಳ ರಾಶಿ ಬಿದ್ದಿದೆ. ಅದರಲ್ಲಿ ಅರ್ಧ ಪತ್ರಗಳು ಅಂಕೋಲೆ ಬಿಟ್ಟು ಸೀದಾ ದಕ್ಷಿಣ ಆಫ್ರಿಕಾಕ್ಕೆ ಹೋಗಿವೆ. ಎಲ್ಲರ ಮೊಬೈಲಿಗೂ ಒಂದೇ ವಿಡಿಯೋ ಬಂದ ಹಾಗೆ ಕಾಣುತ್ತದೆ. ಹಾಗಾಗಿ ಈ ಸಲ ಕಾಗುಣಿತದ ಪ್ರಶ್ನೆಗಳಿಗೆ ರಜೆ.

ಅಕ್ಕೋರೆ, ನಮಸ್ಕಾರ. ನಾನು ಕಾನೂನು ಓದುತ್ತಿದ್ದೇನೆ. ದಕ್ಷಿಣ ಆಫ್ರಿಕಾದ ರಾಜಕಾರಣಿಯೊಬ್ಬ ತುಂಬಿದ ಸ್ಟೇಡಿಯಮ್ಮಿನಲ್ಲಿ ‘ಬೋಯರ್‌ನನ್ನು ಕೊಲ್ಲು’ ಎಂದು ಹಾಡುವ ವಿಡಿಯೋ ನಮ್ಮ ಮನೆಯಲ್ಲಿ ಜಗಳ ಎಬ್ಬಿಸಿದೆ. ‘ಇದು ಕೊಲೆಗೆ ಕರೆ, ಒಳಗೆ ಹಾಕಬೇಕು’ ಅಂತ ಅಪ್ಪ. ‘ಅದು ಸ್ವಾತಂತ್ರ್ಯ ಹೋರಾಟದ ಹಾಡು, ಗೊತ್ತಿಲ್ಲದೆ ಮಾತಾಡಬೇಡಿ’ ಅಂತ ಅಣ್ಣ. ಊಟಕ್ಕೆ ಕೂತರೆ ಇದೇ. ಯಾರು ಸರಿ?
— ಓದುಗ, ಕಾರವಾರ

ತಮ್ಮಾ, ನಿಮ್ಮ ಮನೆಯ ಊಟದ ಹೊತ್ತಿನ ಈ ಜಗಳ ಅಲ್ಲಿಯ ಕೋರ್ಟುಗಳಲ್ಲಿ ಹದಿನೈದು ವರ್ಷ ನಡೆದಿದೆ. ಮೊದಲು ಅಪ್ಪ ಗೆದ್ದಿದ್ದರು. ಆಮೇಲೆ ಅಣ್ಣ ಗೆದ್ದ.

ಶಬ್ದದಿಂದ ಶುರು ಮಾಡುತ್ತೇನೆ. ಕನ್ನಡ ಕಲಿಸಿದವಳು, ಅಭ್ಯಾಸ ಬಿಡುವುದಿಲ್ಲ. ಹಾಡಿನ ಮೂಲ ಮಾತು ‘ದುಬುಲ್ ಇಬುನು’. ‘ಬೋಯರ್‌ಗೆ ಗುಂಡು ಹೊಡಿ’ ಎಂದು ಅರ್ಥ. ಬೋಯರ್ ಅಂದರೆ ಡಚ್ ಭಾಷೆಯಲ್ಲಿ ರೈತ. 1652ರಲ್ಲಿ ಡಚ್ಚರು ಆಫ್ರಿಕಾದ ದಕ್ಷಿಣ ತುದಿಯ ಕೇಪಿನಲ್ಲಿ ಇಳಿದ ಮೇಲೆ ಅಲ್ಲೇ ನೆಲೆನಿಂತು ಬೇಸಾಯ ಮಾಡಿದವರಿಗೆ ಆ ಹೆಸರು ಬಂತು. ಮುಂದೆ ಆಫ್ರಿಕಾನ್ಸ್ ಮಾತಾಡುವ ಬಿಳಿಯರ ಇಡೀ ಸಮುದಾಯಕ್ಕೇ ಅದು ಹೆಸರಾಯಿತು. ವರ್ಣಭೇದದ ಸರಕಾರ ಆ ಸಮುದಾಯದ ಕೈಯಲ್ಲಿತ್ತು. ಹಾಗಾಗಿ ಕಪ್ಪು ಜನರ ಕೇರಿಗೆ ಲಾಠಿ ಹಿಡಿದು ಬಂದ ಪೊಲೀಸನೂ ಬೋಯರ್, ದಾರಿಯಲ್ಲಿ ನಿಲ್ಲಿಸಿ ಪಾಸು ಕೇಳಿದವನೂ ಬೋಯರ್, ಕೊನೆಗೆ ಸರಕಾರವೇ ಬೋಯರ್.

ನಮ್ಮ ‘ಒಕ್ಕಲು’ ಶಬ್ದ ನೋಡು. ಬೇಸಾಯ ಮಾಡುವವನೂ ಒಕ್ಕಲು, ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡುವವನೂ ಒಕ್ಕಲು, ಜಾತಿ ಕೇಳಿದರೆ ಒಕ್ಕಲಿಗ. ಒಂದೇ ಶಬ್ದ, ಮೂರು ಕಡೆ ಮೂರು ಅರ್ಥ. ನಿಮ್ಮಪ್ಪನಿಗೆ ಬೋಯರ್ ಅಂದಾಗ ಒಬ್ಬ ಬಿಳಿಯ ರೈತ ಕಾಣುತ್ತಾನೆ. ಅಣ್ಣನಿಗೆ ಆ ಹಳೆ ಸರಕಾರ ಕಾಣುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇನ್ನು ಕಥೆ. 1993ರ ಏಪ್ರಿಲ್ 10. ಮಂಡೇಲಾ ಜೈಲಿನಿಂದ ಹೊರಬಂದು ಮೂರು ವರ್ಷ ಕಳೆದಿತ್ತು. ಎಲ್ಲರಿಗೂ ಮತ ಇರುವ ಮೊದಲ ಚುನಾವಣೆಗೆ ಇನ್ನೂ ಒಂದು ವರ್ಷ ಇತ್ತು. ಆ ದಿನ ಕ್ರಿಸ್ ಹಾನಿ ಎಂಬ ಕಮ್ಯುನಿಸ್ಟ್ ಮುಖಂಡನನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಹಳ್ಳಿ, ಕೇರಿಗಳ ಹುಡುಗರಿಗೆ ಮಂಡೇಲಾ ಬಿಟ್ಟರೆ ಹಾನಿಯೇ. ಕೊಂದವನು ಪೋಲೆಂಡಿನಿಂದ ಬಂದು ನೆಲೆಸಿದ್ದ ಬಿಳಿಯ. ಹಾನಿಯ ಶೋಕದ ಸಭೆಯಲ್ಲಿ ಮಂಡೇಲಾರ ಪಕ್ಷ ಎಎನ್‌ಸಿಯ ಯುವ ಘಟಕದ ಅಧ್ಯಕ್ಷ ಪೀಟರ್ ಮೊಕಾಬಾ ‘ಬೋಯರ್‌ನನ್ನು ಕೊಲ್ಲು, ರೈತನನ್ನು ಕೊಲ್ಲು’ ಎಂದು ಕೂಗಿಸಿದರು. ಅದೇ ತಿಂಗಳು ಮಂಡೇಲಾ ಟಿವಿಯಲ್ಲಿ ಬಂದರು. ಕೊಂದವನು ಬಿಳಿಯ ನಿಜ, ಆದರೆ ಅವನನ್ನು ಹಿಡಿಯಲು ಪೊಲೀಸರಿಗೆ ಸುಳಿವು ಕೊಟ್ಟ ಹೆಂಗಸೂ ಬಿಳಿಯಳೇ, ಬೋಯರ್ ಸಮುದಾಯದವಳೇ ಎಂದು ದೇಶಕ್ಕೆ ನೆನಪು ಮಾಡಿಕೊಟ್ಟರು. ಆಕೆ ನೆರೆಮನೆಯವಳು. ಕೊಲೆಗಾರನ ಕಾರಿನ ನಂಬರು ನೋಡಿಟ್ಟುಕೊಂಡಿದ್ದಳು. ನನಗೆ ಇಡೀ ಗಲಾಟೆಯಲ್ಲಿ ತುಂಬಾ ಕಾಡುವುದು ಆ ಹೆಂಗಸು. ಮೊಕಾಬಾ ಕೂಗಿಸಿದ ಮಾತು ಅವಳ ಕಿವಿಗೂ ಬಿದ್ದಿರಬೇಕಲ್ವಾ?

2002ರಲ್ಲಿ ಮೊಕಾಬಾ ತೀರಿಕೊಂಡರು. ಅವರ ಅಂತ್ಯಕ್ರಿಯೆಯಲ್ಲೂ ಅದೇ ಕೂಗು ಎದ್ದಿತು. ದೂರು ಹೋಯಿತು. 2003ರಲ್ಲಿ ಅಲ್ಲಿಯ ಮಾನವ ಹಕ್ಕು ಆಯೋಗ ಆ ಘೋಷಣೆಯನ್ನು ದ್ವೇಷದ ಮಾತು ಎಂದಿತು. ಆದರೂ ಅದು ಜನರ ಬಾಯಿಂದ ಹೋಗಲಿಲ್ಲ.

2010ರಲ್ಲಿ ಜೂಲಿಯಸ್ ಮಲೇಮಾ ಬಂದ. ಅವನೂ ಅದೇ ಯುವ ಘಟಕದ ಅಧ್ಯಕ್ಷ. ಮಾರ್ಚ್ ತಿಂಗಳಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಹಾಡನ್ನು ಮತ್ತೆ ಎತ್ತಿದ. ಏಪ್ರಿಲ್ 3ರಂದು ಯೂಜೀನ್ ಟೆರ್‌ಬ್ಲಾಂಚ್ ಎಂಬ ಬಿಳಿಯ ಉಗ್ರವಾದಿ ಮುಖಂಡ ತನ್ನ ಜಮೀನಿನಲ್ಲೇ ಕೊಲೆಯಾದ. ಅದು ಕೂಲಿ ಹಣದ ಜಗಳ ಎಂದು ಸುದ್ದಿಯಾಯಿತು. ಆದರೆ ಹಾಡೂ ಕೊಲೆಯೂ ಒಂದು ತಿಂಗಳೊಳಗೆ ಬಂದರೆ ಜನ ಎರಡಕ್ಕೂ ಗಂಟು ಹಾಕದೆ ಬಿಡುತ್ತಾರೆಯೇ? ಆಫ್ರಿಫೋರಂ ಎಂಬ, ಆಫ್ರಿಕಾನ್ಸ್ ಮಾತಾಡುವ ಬಿಳಿಯರ ಸಂಘಟನೆ ಸಮಾನತೆಯ ಕೋರ್ಟಿಗೆ ಹೋಯಿತು. 2011ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಕಾಲಿನ್ ಲಮಾಂಟ್ ‘ಇದು ದ್ವೇಷದ ಮಾತು, ಹಾಡಬಾರದು’ ಎಂದರು. ಅಪ್ಪ ಗೆದ್ದದ್ದು ಇಲ್ಲಿ. ಅಪೀಲು ನಡೆಯುತ್ತಿರುವಾಗಲೇ 2012ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಮಲೇಮಾ ‘ಕೊಲ್ಲು’ ತೆಗೆದು ‘ಮುತ್ತಿಡು’ ಅಂತ ಹಾಡಿದ್ದೂ ಉಂಟು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗರು ಮಾಡುತ್ತಾರಲ್ಲ, ಹಾಗೆ.

ಪಕ್ಷದಿಂದ ಹೊರಬಿದ್ದ ಮಲೇಮಾ 2013ರಲ್ಲಿ ಇಎಫ್‌ಎಫ್ ಎಂಬ ತನ್ನದೇ ಪಕ್ಷ ಕಟ್ಟಿದ. ಹಾಡು ಮುಂದುವರಿಯಿತು. ಮತ್ತೆ ಕೇಸು. ಈ ಸಲ 2022ರ ಆಗಸ್ಟಿನಲ್ಲಿ ನ್ಯಾಯಾಧೀಶ ಎಡ್ವಿನ್ ಮೊಲಾಹ್ಲೇಹಿ ತಿರುಗಿಸಿ ಹೇಳಿದರು: ಇದನ್ನು ಶಬ್ದಕ್ಕೆ ಶಬ್ದ ಹಿಡಿಯಬಾರದು, ಇದು ಹೋರಾಟದ ಹಾಡು. 2024ರ ಮೇಯಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು. 2025ರ ಮಾರ್ಚಿನಲ್ಲಿ ಸಂವಿಧಾನ ಕೋರ್ಟು ಆಫ್ರಿಫೋರಂನ ಕೊನೆಯ ಅರ್ಜಿಯನ್ನೂ ತಳ್ಳಿಹಾಕಿತು. ಅಲ್ಲಿಗೆ ಅಣ್ಣ ಗೆದ್ದ. ನೀವು ನೋಡಿದ ವಿಡಿಯೋ 2023ರ ಜುಲೈ 29ರದ್ದು ಇರಬಹುದು. ಅವತ್ತು ಪಕ್ಷದ ಹತ್ತನೇ ವರ್ಷದ ಹಬ್ಬ, ಜೊಹಾನ್ಸ್‌ಬರ್ಗಿನ ದೊಡ್ಡ ಸ್ಟೇಡಿಯಂ ತುಂಬಿತ್ತು. 2025ರ ಮೇ 21ರಂದು ಟ್ರಂಪ್ ಶ್ವೇತಭವನದಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ರಾಮಫೋಸಾ ಅವರನ್ನು ಕೂರಿಸಿಕೊಂಡು ತೋರಿಸಿದ್ದೂ ಮಲೇಮಾನ ಇಂಥದೇ ವಿಡಿಯೋ. ಆಮೇಲೆಯೇ ಅದು ನಮ್ಮ ಕಾರವಾರದ ಊಟದ ಮನೆಯವರೆಗೆ ಬಂದದ್ದು.

ನೀನು ಕಾನೂನು ಓದುವವನು, ಇದನ್ನು ಗುರುತು ಹಾಕಿಕೋ. ಅವರ 1996ರ ಸಂವಿಧಾನದ 16ನೇ ಕಲಮು ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಜನಾಂಗ, ಧರ್ಮ, ಲಿಂಗದ ಮೇಲೆ ದ್ವೇಷ ಹಬ್ಬಿಸಿ, ಹಾನಿಗೆ ಪ್ರಚೋದನೆಯನ್ನೂ ಕೊಡುವ ಮಾತಿಗೆ ಆ ರಕ್ಷಣೆ ಇಲ್ಲ. ದ್ವೇಷವೂ ಇರಬೇಕು, ಪ್ರಚೋದನೆಯೂ ಇರಬೇಕು. ವಿಷಯ ಗೊತ್ತಿರುವ ಒಬ್ಬ ಸಾಮಾನ್ಯ ಮನುಷ್ಯ ಈ ಹಾಡು ಕೇಳಿ ಏನು ತಿಳಿದುಕೊಳ್ಳುತ್ತಾನೆ ಎಂದು ಕೋರ್ಟು ನೋಡಿತು. ‘ಇವನು ತನ್ನ ರಾಜಕೀಯ ನಡೆಸುತ್ತಿದ್ದಾನೆ’ ಎಂದು ತಿಳಿಯುತ್ತಾನೆ, ‘ಹೋಗಿ ಕೊಲ್ಲಿ ಅನ್ನುತ್ತಿದ್ದಾನೆ’ ಎಂದಲ್ಲ. ಅದು ಕೋರ್ಟಿನ ಲೆಕ್ಕ. ನನಗೆ ತೀರ್ಪು ಸರಿ ಅನಿಸುತ್ತದೆ. ಅಪ್ಪನ ಹತ್ತಿರ ಈಗಲೇ ‘ನೋಡಿ’ ಅನ್ನಬೇಡ. ಮುಂದಿನ ಪತ್ರ ಓದು.

ಅಕ್ಕೋರೆ, ನಾನು ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದವನು. ಅಕ್ಷರ ಇದ್ದ ಹಾಗೆ ಓದುವುದು ನನ್ನ ಕಸುಬು. ಗುಂಡು ಹೊಡಿ ಅಂದರೆ ಗುಂಡು ಹೊಡಿ. ಇತಿಹಾಸ, ಸಂದರ್ಭ ಅಂತ ಎಷ್ಟು ಸುತ್ತಿ ಹೇಳಿದರೂ ಹಾಡು ಯಾರ ಮೇಲಿದೆಯೋ ಅವನ ಹೊಟ್ಟೆಯೊಳಗಿನ ನಡುಕ ಹೋಗುತ್ತದೆಯೇ? ನಮ್ಮ ಜನರ ಮೇಲೆ ಹಾಗೆ ಹಾಡಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?
— ನಿವೃತ್ತ ನೌಕರ, ಭಟ್ಕಳ

ಹಾಡಿದ್ದರು. ನಮ್ಮ ಜನರ ಮೇಲೇ.

2002ರಲ್ಲಿ ದಕ್ಷಿಣ ಆಫ್ರಿಕಾದಲ್ಲೇ ಎಂಬೊಂಗೆನಿ ಎನ್‌ಗೆಮಾ ಜುಲು ಭಾಷೆಯಲ್ಲಿ ‘ಅಮಾಂಡಿಯಾ’ ಅಂತ ಒಂದು ಹಾಡು ಹಾಡಿದರು. ಅಮಾಂಡಿಯಾ ಅಂದರೆ ಭಾರತೀಯರು. ಡರ್ಬನ್ನಿನ ಭಾರತೀಯರು ಜುಲು ಜನರನ್ನು ಸುಲಿಯುತ್ತಿದ್ದಾರೆ ಎಂಬ ಅರ್ಥದ ಹಾಡು. ಈ ಎನ್‌ಗೆಮಾ ಸುಮ್ನೆ ಯಾರೋ ಅಲ್ಲ. ವರ್ಣಭೇದದ ವಿರುದ್ಧ ಸೊವೆಟೋ ಕೇರಿಯ ಶಾಲೆ ಮಕ್ಕಳು ಮಾಡಿದ ಹೋರಾಟದ ಮೇಲೆ ಜಗತ್ತೇ ನೋಡಿದ ಸಂಗೀತ ನಾಟಕ ಕಟ್ಟಿದವರು. ಪ್ರಸಾರದ ದೂರುಗಳನ್ನು ನೋಡುವ ಅಲ್ಲಿಯ ಆಯೋಗ ಆ ಹಾಡನ್ನು ದ್ವೇಷದ ಮಾತು ಎಂದಿತು, ರೇಡಿಯೋದಲ್ಲಿ ನಿಂತುಹೋಯಿತು. ಅದೂ ನನಗೆ ಸರಿ ಅನಿಸುತ್ತದೆ. ‘ಅಲ್ಲಿ ಹಾಗೆ, ಇಲ್ಲಿ ಹೀಗೆ, ಅಕ್ಕೋರು ಎರಡು ನಾಲಿಗೆಯವರು’ ಎನ್ನಬಹುದು ನೀವು. ವ್ಯತ್ಯಾಸ ಇದೆ. ‘ಅಮಾಂಡಿಯಾ’ ಬಂದದ್ದು ಸ್ವತಂತ್ರ ದೇಶದಲ್ಲಿ, ಹೊಸದಾಗಿ. ಅದರ ಹಿಂದೆ ಲಾಠಿ ಹಿಡಿದ ಯಾವ ಸರಕಾರವೂ ಇರಲಿಲ್ಲ. ಇದ್ದದ್ದು ಅಂಗಡಿ ಇಟ್ಟುಕೊಂಡ ನೆರೆಯವನು.

ಆದರೂ ನಿಮ್ಮ ನಡುಕದ ಮಾತನ್ನು ತಳ್ಳಿಹಾಕುವುದಿಲ್ಲ. ಹಳೆ ಹಾಡು ದಿಕ್ಕು ತಪ್ಪುತ್ತದೆ. ಮುಂದೆ ದಕ್ಷಿಣ ಆಫ್ರಿಕಾದ ಅಧ್ಯಕ್ಷನಾದ ಜೇಕಬ್ ಜುಮಾ ಹೋದಲ್ಲೆಲ್ಲ ಹಾಡಿಸುತ್ತಿದ್ದ ಹಾಡು ‘ನನ್ನ ಮಷೀನು ತಂದುಕೊಡು’. ಮಷೀನು ಅಂದರೆ ಬಂದೂಕು. ಗಡಿಯಾಚೆಯ ಶಿಬಿರಗಳಲ್ಲಿದ್ದ ಹೋರಾಟಗಾರರ ಹಾಡು ಅದು. 2008ರ ಮೇ ತಿಂಗಳಲ್ಲಿ ಜಿಂಬಾಬ್ವೆ, ಮೊಜಾಂಬಿಕ್‌ನಿಂದ ಬಂದ ಬಡ ಕೂಲಿಗಳ ಮೇಲೆ ಗುಂಪುಗಳು ಬಿದ್ದವು. 60ಕ್ಕೂ ಜಾಸ್ತಿ ಜನ ಸತ್ತರು. ಆ ಗುಂಪುಗಳ ಬಾಯಲ್ಲಿ ಇದೇ ಹಾಡಿತ್ತು. ಬಿಳಿಯ ಸರಕಾರದ ವಿರುದ್ಧ ಹುಟ್ಟಿದ್ದು, ಕಪ್ಪು ಕೂಲಿಯ ಗುಡಿಸಲಿನ ಬಾಗಿಲಿಗೆ ಬಂತು.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹೋದ ಸಂಚಿಕೆಯಲ್ಲಿ ಇದನ್ನು ಬೇಕಂತಲೇ ಬಿಟ್ಟಿದ್ದೆ.

1984. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಆಗಸ್ಟ್ 15ಕ್ಕೆ ಏನಾದರೂ ಹೊಸತು ಮಾಡಬೇಕು ಅಂತ ಹುಕಿ. ಏಳನೇ ತರಗತಿಯ ಹುಡುಗಿಯರಿಗೆ ಅಜ್ಜಿಯ ಹಾಡು ಕಲಿಸಿದೆ. ಅಜ್ಜಿಗೆ ಆಗ ಎಂಬತ್ತರ ಹತ್ತಿರ. ರಾಗ ತಪ್ಪಿದರೆ ಕೈಯಲ್ಲಿದ್ದ ಅಡಿಕೆ ಕತ್ತರಿ ನೆಲಕ್ಕೆ ಕುಟ್ಟಿ ತಿದ್ದುತ್ತಿದ್ದಳು. ಲಿಲಾವಿನ ಗದ್ದೆ ಕೊಂಡವನ ಕಣಜ ಬರಿದಾಗಲಿ, ಅವನ ಬಾಗಿಲಲ್ಲಿ ದೀಪ ಹಚ್ಚುವವರು ಇಲ್ಲದೆ ಹೋಗಲಿ, ಹೀಗೆ ಹೋಗುತ್ತದೆ ಹಾಡು. ಮೂರನೇ ಸಾಲಿನಲ್ಲಿ ಒಂದು ಮನೆತನದ ಹೆಸರಿದೆ. ನಾನು ಅದನ್ನು ಹಾಡಿನ ಒಂದು ಶಬ್ದ ಅಂದುಕೊಂಡಿದ್ದೆ, ಅಷ್ಟೇ. ಆ ಹೆಸರಿನ ಮನೆ ಈಗಲೂ ಇದೆಯೋ ಇಲ್ಲವೋ ಅಂತ ಕೂಡ ಯೋಚಿಸಲಿಲ್ಲ.

ಇತ್ತು. ಆ ಮನೆಯ ಹುಡುಗಿ ಆರನೇ ತರಗತಿಯಲ್ಲಿದ್ದಳು. ಮಕ್ಕಳು ಮೂರನೇ ಸಾಲಿಗೆ ಬಂದಾಗ ಇಡೀ ಸಭೆಯೇ ಅವಳ ಕಡೆ ತಿರುಗಿ ನಗಾಡಿತು. ಹಾಡು ಎರಡು ಸಲ ಹೇಳುವ ಪದ್ಧತಿ. ಎರಡನೇ ಸಲ ಬಂದಾಗ ಅವಳು ಅಲ್ಲಿರಲಿಲ್ಲ. ಒಂದು ವಾರ ಶಾಲೆಗೆ ಬರಲಿಲ್ಲ.

ಅವಳ ಮನೆಗೆ ಹೋದೆ. ಅವಳ ಅಜ್ಜಿ ಜಗಲಿಯ ಮೇಲೆ ಕೂರಿಸಿ ಬೆಲ್ಲ ನೀರು ಕೊಟ್ಟಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ‘ನಮ್ಮ ಮಾವ ಕೊಂಡದ್ದು ಹೌದು ಅಕ್ಕೋರೆ. ಲಿಲಾವಿನ ಗದ್ದೆ ತಿರುಗಿ ಕೊಡಿಸೂಕೆ ಸರಕಾರ ಕಾಯ್ದೆ ಮಾಡೂಕಿಂತ ಮೊದಲೇ ತಿರುಗಿ ಕೊಟ್ಟದ್ದೂ ಹೌದು. ಅದಕ್ಕೆ ಯಾರೂ ಹಾಡು ಕಟ್ಟಲಿಲ್ಲ’ ಅಂದಳು. ಮತ್ತೆ ಹಲಸಿನ ಹಪ್ಪಳದ ಮಾತು ತೆಗೆದಳು.

ನನ್ನ ಅಜ್ಜಿ ಆ ಹಾಡು ಕಟ್ಟಿದ್ದು ತಪ್ಪೇ? ಅಲ್ಲ. 1932ರಲ್ಲಿ ಅವಳ ಗಂಡ ಜೈಲಿನಲ್ಲಿದ್ದ, ಗದ್ದೆ ಹೋಗಿತ್ತು, ಮನೆಯ ಪಾತ್ರೆ ಪಗಡೆ ಜಪ್ತಿಯಾಗಿತ್ತು. ಅವಳ ಕೈಯಲ್ಲಿ ಉಳಿದ ಆಯುಧ ಅದೊಂದೇ. ಘಟ್ಟದ ಮೇಲೆ ಸಿದ್ದಾಪುರದಲ್ಲಿ ಹೆಂಗಸರು ಇದೇ ಕಾಲಕ್ಕೆ ಲಿಲಾವು ಹಿಡಿದವರ ಮನೆ ಮುಂದೆ ಉಪವಾಸ ಕೂತರು. ಇವಳು ಹಾಡಿದಳು. 1984ರಲ್ಲಿ ನಾನು ಹಾಡಿಸಿದೆ. ನನ್ನ ಕೈಯಲ್ಲಿ ಸರಕಾರಿ ಸಂಬಳ ಇತ್ತು, ಎದುರಿಗಿದ್ದದ್ದು ಹನ್ನೊಂದು ವರ್ಷದ ಹುಡುಗಿ. ಶಬ್ದ ಒಂದೂ ಬದಲಾಗಿರಲಿಲ್ಲ.

ಮಲೇಮಾ ಹಾಡುವಾಗ ನನಗೆ ನನ್ನ ಅಜ್ಜಿ ನೆನಪಾಗುವುದಿಲ್ಲ. 1984ರ ನಾನು ನೆನಪಾಗುತ್ತೇನೆ. ಅವನು ಸಂಸತ್ ಸದಸ್ಯ, ದೊಡ್ಡ ಪಕ್ಷದ ನಾಯಕ, ಎದುರಿಗೆ ಸಾವಿರಾರು ಜನ. ಹಾಡು ಯಾರನ್ನು ಚುಚ್ಚುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ನನಗೆ ಗೊತ್ತಿರಲಿಲ್ಲ, ಅವನಿಗೆ ಆ ನೆಪವೂ ಇಲ್ಲ. ಕೋರ್ಟು ಹಾಡಬಹುದು ಎಂದಿದೆ. ನಾನು ಅವನ ಅಕ್ಕೋರು ಆಗಿದ್ದರೆ ಕಿವಿ ಹಿಂಡುತ್ತಿದ್ದೆ.

ಇನ್ನೊಂದು ಮಾತು. ಅಲ್ಲಿಯ ಬಿಳಿಯ ರೈತರ ಹೆದರಿಕೆ ಪೂರ್ತಿ ಹುಟ್ಟಿಸಿದ್ದಲ್ಲ. ಒಂಟಿ ಜಮೀನಿನ ಮನೆಗಳಲ್ಲಿ ಕೊಲೆಗಳು ಆಗಿವೆ. ಆದರೆ ಆ ದೇಶದಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 25 ಸಾವಿರಕ್ಕೂ ಜಾಸ್ತಿ ಕೊಲೆಗಳಾಗುತ್ತವೆ. ಸಾಯುವವರಲ್ಲಿ ಬಹಳಷ್ಟು ಜನ ಕಪ್ಪು ಬಡವರು. ಶ್ವೇತಭವನದ ಆ ವಿಡಿಯೋದಲ್ಲಿ ರಸ್ತೆ ಪಕ್ಕದ ಬಿಳಿ ಶಿಲುಬೆಗಳನ್ನು ತೋರಿಸಿ ಸಮಾಧಿಗಳು ಎಂದರಲ್ಲ, ಅವು ಸಮಾಧಿಗಳಲ್ಲ. 2020ರಲ್ಲಿ ಒಂದು ರೈತ ದಂಪತಿಯ ಕೊಲೆಯಾದಾಗ ಪ್ರತಿಭಟನೆಗೆ ನೆಟ್ಟವು. ಅಕ್ಷರ ಇದ್ದ ಹಾಗೆ ಓದುವವರು ಚಿತ್ರವನ್ನೂ ಇದ್ದ ಹಾಗೆ ನೋಡಬೇಕು, ಅಲ್ವಾ ಸರ್?

ಅಕ್ಕೋರೆ, ನಮ್ಮಲ್ಲೂ ಇಂಥ ಹಾಡು, ಘೋಷಣೆ ಇದ್ದವಲ್ಲ? ಅವುಗಳ ಮೇಲೆ ಯಾಕೆ ಕೇಸು ಆಗಲಿಲ್ಲ?
— ಓದುಗಳು, ಶಿರಸಿ

ಇದ್ದವು ತಂಗಿ. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅದರಲ್ಲಿ ಹೊಡಿಯಿರಿ, ಒದೆಯಿರಿ, ಚರ್ಮ ಸುಲಿಯಿರಿ ಎನ್ನುವ ಹಾಡು ಇದೆ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಸಾವಿರಾರು ಜನ ಒಟ್ಟಿಗೆ ಹಾಡಿದರು. ಅದನ್ನು ಕೇಳಿ ಎದ್ದುಹೋಗಿ ಯಾರ ಚರ್ಮವನ್ನೂ ಸುಲಿದು ಬಂದವರು ಇಲ್ಲ. ತಲೆತಲಾಂತರ ಒದೆಸಿಕೊಂಡವರು ಒಂದು ಸಲವಾದರೂ ಬಾಯಲ್ಲಿ ಒದ್ದರು. ಅದೇ ಕವಿ ಮುಂದೆ ವಿಧಾನ ಪರಿಷತ್ ಸದಸ್ಯರಾದರು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ಹಾಡಿನಲ್ಲಿ ಯಾವ ಮನೆಯ ಹೆಸರೂ ಇಲ್ಲ ಎಂಬುದನ್ನು ಗಮನಿಸು.

ನಮ್ಮ ಜಿಲ್ಲೆಯದೇ ಒಂದು ಹೇಳುತ್ತೇನೆ. ‘ಉಳುವವನೇ ಹೊಲದೊಡೆಯ.’ ಈಗ ಇದನ್ನು ಪಠ್ಯಪುಸ್ತಕದಲ್ಲಿ ಓದಿ ಮಕ್ಕಳು ಆಕಳಿಸುತ್ತವೆ. ದಿನಕರ ದೇಸಾಯರ ಕಾಲದಲ್ಲಿ ಇದು ಕೆಂಡ. ಒಡೆಯರ ಜಗಲಿಗೆ ಗೇಣಿ ಭತ್ತ ಹೊತ್ತು ಹಾಕುವ ಒಕ್ಕಲುಗಳನ್ನು ಅವರು ರೈತಕೂಟದಲ್ಲಿ ಒಟ್ಟು ಮಾಡಿದರು. ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿತು. ಆಮೇಲೆ 1974ರ ಭೂಸುಧಾರಣೆ ಕಾಯ್ದೆ ಬಂತು. ನಮ್ಮ ಅಪ್ಪನ ಸಾಲಿನವರು ಉಳುವ ಗದ್ದೆಯ ಹಕ್ಕು ಕೇಳುವ ಡಿಕ್ಲರೇಶನ್ ಕೊಡಲು ತಾಲೂಕು ಕಚೇರಿಗೆ ಓಡಾಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಲವು ಒಡೆಯರ ಮನೆ ಬರಿದಾಯಿತು, ಕೆಲವು ಒಕ್ಕಲುಗಳ ಕೈಗೆ ಏನೂ ಬರಲಿಲ್ಲ. ಆದರೂ ಗದ್ದೆ ಕೈ ಬದಲಾಯಿತು. ಕೈ ಬದಲಾದ ಮೇಲೆ ಘೋಷಣೆಯ ಬಿಸಿ ಆರಿತು. ಈಗ ಒಡೆಯರ ಮೊಮ್ಮಗನೂ ಸ್ಪರ್ಧೆಯಲ್ಲಿ ಅದನ್ನೇ ಭಾಷಣ ಮಾಡಿ ಬಹುಮಾನ ತರುತ್ತಾನೆ.

ದಕ್ಷಿಣ ಆಫ್ರಿಕಾದಲ್ಲಿ ಅದು ಆಗಲಿಲ್ಲ. 1913ರ ಕಾಯ್ದೆ ದೇಶದ ನೆಲದಲ್ಲಿ ಶೇಕಡಾ 7ರಷ್ಟನ್ನು ಮಾತ್ರ ಕಪ್ಪು ಜನರಿಗೆ ಬಿಟ್ಟಿತು. 1936ರಲ್ಲಿ ಅದು 13ರ ಹತ್ತಿರ ಬಂತು. ಜನಸಂಖ್ಯೆಯಲ್ಲಿ ಅವರೇ ಜಾಸ್ತಿ. 1994ರಲ್ಲಿ ಮತ ಸಿಕ್ಕಿತು, ಗದ್ದೆ ಸಿಗಲಿಲ್ಲ. 2017ರಲ್ಲಿ ಸರಕಾರ ಮಾಡಿದ ಲೆಕ್ಕದಲ್ಲೂ, ಬಿಡಿ ಜನರ ಹೆಸರಿನಲ್ಲಿರುವ ಬೇಸಾಯದ ಜಮೀನಿನಲ್ಲಿ ಶೇಕಡಾ 72 ಬಿಳಿಯರ ಹೆಸರಿನಲ್ಲೇ ಇತ್ತು. ಅಲ್ಲಿ ‘ರೈತ’ ಎಂಬ ಶಬ್ದಕ್ಕೆ ಇನ್ನೂ ಬಿಳಿಯ ಮುಖವೇ ಇದೆ. ಹಾಡು ಆರದೆ ಉಳಿದದ್ದು ಅದಕ್ಕೇ. ಮಲೇಮಾನನ್ನು ಬೈದು ಸುಮ್ಮನಾಗುವವರು ಈ 72ರ ಲೆಕ್ಕವನ್ನೂ ನೋಡಲಿ ಅಂತ ನನ್ನ ಹಟ.

ಬಂದೂಕು ಹಿಡಿದವನ ಮುಂದೆ ಹಾಡು ಏನು ಮಾಡೀತು? ಸುಮ್ನೆ ಸಮಾಧಾನಕ್ಕೆ ಅಲ್ವಾ ಅಕ್ಕೋರೆ?
— ಹೆಸರು ಬೇಡ ಎಂದವರು, ಹೊನ್ನಾವರ

ದಕ್ಷಿಣ ಆಫ್ರಿಕಾದಲ್ಲಿ ವುಯಿಸಿಲೆ ಮಿನಿ ಅಂತ ಒಬ್ಬರಿದ್ದರು. ಕಾರ್ಮಿಕ ಸಂಘದವರು, ಒಳ್ಳೆಯ ಕಂಠ. ‘ವೆರ್ವೂರ್ಡ್, ಎಚ್ಚರ, ಕರಿಯ ಬರುತ್ತಿದ್ದಾನೆ’ ಎಂಬ ಅರ್ಥದ ಅವರ ಹಾಡು ಊರೂರಿಗೆ ಹೋಯಿತು. ವೆರ್ವೂರ್ಡ್ ಆಗಿನ ಪ್ರಧಾನಿ. 1964ರ ನವೆಂಬರ್ 6ರಂದು ಪ್ರಿಟೋರಿಯಾದಲ್ಲಿ ಮಿನಿಯನ್ನು ಗಲ್ಲಿಗೆ ಹಾಕಿದರು. ಹಾಡುತ್ತಲೇ ಹೋದರು ಎನ್ನುತ್ತಾರೆ. ಗಲ್ಲು ಹಾಡಿಗಲ್ಲ, ವಿಧ್ವಂಸಕ ಕೃತ್ಯ ಮತ್ತು ಕೊಲೆಯ ಆರೋಪಕ್ಕೆ. ಆದರೆ ಕೊನೆಯ ಹೆಜ್ಜೆಯವರೆಗೂ ಅವರ ಜೊತೆಗಿದ್ದದ್ದು ಹಾಡೇ ಅಲ್ವಾ?

ಇನ್ನೊಂದು ನನ್ನ ಸೋದರಮಾವನಿಂದ ಕೇಳಿದ್ದು. ಕಾರವಾರದವನು, ಇಡೀ ಆಯುಷ್ಯ ಹಡಗಿನಲ್ಲಿ ಕಳೆದ. ಅವನ ಹಳೆ ಪಾಸ್‌ಪೋರ್ಟಿನಲ್ಲಿ ದಕ್ಷಿಣ ಆಫ್ರಿಕಾ ಒಂದನ್ನು ಬಿಟ್ಟು ಎಂದು ಬರೆದಿತ್ತು. ಆ ದೇಶದ ಜೊತೆ ನಮ್ಮವರು 1946ರಲ್ಲೇ ವ್ಯಾಪಾರ ನಿಲ್ಲಿಸಿದ್ದರಲ್ಲ. 1993ರಲ್ಲಿ ಸಂಬಂಧ ಮತ್ತೆ ಶುರುವಾಯಿತು. ಎರಡು ವರ್ಷದ ಮೇಲೆ ಅವನು ಡರ್ಬನ್ನಿನಲ್ಲಿ ಇಳಿದ. ಬಂದರಿನ ಗೇಟಿನಲ್ಲಿ ಕೂಲಿಗಳ ಮುಷ್ಕರ. ಒಬ್ಬ ‘ಅಮಾಂಡ್ಲಾ’ ಅಂತ ಕೂಗುವುದು, ಉಳಿದವರೆಲ್ಲ ‘ಅವೇತು’ ಅನ್ನುವುದು. ಅಧಿಕಾರ ಯಾರದು, ನಮ್ಮದು ಎಂಬ ಅರ್ಥ. ಜೊತೆಗೆ ಮೊಣಕಾಲು ಎತ್ತಿ ಎತ್ತಿ ನಿಂತಲ್ಲೇ ಕುಣಿತ, ಟೊಯಿ-ಟೊಯಿ ಅಂತ ಅದಕ್ಕೆ. ‘ಥೇಟ್ ನಮ್ಮ ರಂಪಣಿ ಬಲೆ ಎಳೆದ ಹಾಗೇ ಕಂಡಿತು’ ಅಂದ ಮಾವ. ‘ಒಬ್ಬ ಐಸಾ ಅನ್ನಬೇಕು, ಮೂವತ್ತು ಜನ ಐಲೇಸಾ ಅನ್ನಬೇಕು. ಬಾಯಿ ಮುಚ್ಚಿ ಎಳಿ ನೋಡುವಾ, ಬಲೆ ದಡಕ್ಕೆ ಬರ್ತದಾ?’

ದಕ್ಷಿಣ ಆಫ್ರಿಕಾದ ಕ್ರಿಕೆಟ್ ಆಟಗಾರರು ರಾಷ್ಟ್ರಗೀತೆ ಹಾಡುವಾಗ ಮಧ್ಯದಲ್ಲಿ ರಾಗವೇ ಬದಲಾಗುತ್ತದಲ್ಲ ಅಕ್ಕೋರೆ, ಯಾಕೆ?
— ಒಂಬತ್ತನೇ ತರಗತಿ, ಕುಮಟಾ

ಕಿವಿ ಚುರುಕಿದೆ ಪುಟ್ಟಾ ನಿನ್ನದು. ಅವು ಎರಡು ಬೇರೆ ಬೇರೆ ಹಾಡು. ಮೊದಲ ಭಾಗ ಎನೋಕ್ ಸೊಂಟೊಂಗಾ ಎಂಬ ಮಾಸ್ತರರು 1897ರಲ್ಲಿ ಕಟ್ಟಿದ ಪ್ರಾರ್ಥನೆ. ಹೋರಾಟಗಾರರು ಅದನ್ನು ತಮ್ಮ ಗೀತೆ ಮಾಡಿಕೊಂಡರು. ಎರಡನೇ ಭಾಗ ಬಿಳಿಯ ಸರಕಾರದ ಹಳೆ ರಾಷ್ಟ್ರಗೀತೆಯದು. 1994ರ ನಂತರ ಸ್ವಲ್ಪ ಕಾಲ ಎರಡನ್ನೂ ಒಂದಾದ ಮೇಲೊಂದು ಹಾಡುತ್ತಿದ್ದರು. ನಿಂತು ನಿಂತು ಕಾಲು ನೋವು! 1997ರಲ್ಲಿ ಎರಡನ್ನೂ ಕತ್ತರಿಸಿ ಒಂದು ಮಾಡಿದರು. ಐದು ಭಾಷೆ ಇವೆ ಅದರಲ್ಲಿ. ಹೊಲಿಗೆ ಕಾಣುತ್ತದೆ, ಅದೇ ನಿನಗೆ ಕೇಳಿಸಿದ್ದು.

ನಿಮ್ಮ ಅಜ್ಜಿಯ ಹಾಡನ್ನು ಪೂರ್ತಿ ಅಚ್ಚು ಹಾಕಿ ಅಕ್ಕೋರೆ. ಇಂಥವು ಹಾಗೇ ಅಳಿದುಹೋಗುತ್ತಿವೆ. ಸುಕ್ರಿ ಬೊಮ್ಮಗೌಡರೂ ಹೋದರು.
— ಓದುಗರು, ಗೋಕರ್ಣ

ನಿಮ್ಮ ಮಾತು ನಿಜ. ಬಡಗೇರಿಯ ಆ ಹಾಲಕ್ಕಿ ಅಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಎಷ್ಟು ಹಾಡು ಜೊತೆಗೆ ಹೋದವೋ.

ನನ್ನ ವಹಿಯಲ್ಲಿ ಅಜ್ಜಿಯ ಹಾಡಿನ ಹದಿನಾಲ್ಕು ಸಾಲು ಇವೆ. ಅಚ್ಚಿಗೆ ಕೊಡುವ ಮೊದಲು ಆ ಮನೆಯ ಹುಡುಗಿಗೆ ಫೋನ್ ಮಾಡಿದೆ. ಹುಡುಗಿ ಎಲ್ಲಿಯದು, ಈಗ ಅವಳಿಗೇ ಮೊಮ್ಮಗ ಇದ್ದಾನೆ. ಮೂರನೇ ಸಾಲು ತೆಗೆದು ಹಾಕಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ತೆಗಿಬೇಡಿ ಅಕ್ಕೋರೆ, ಇದ್ದದ್ದು ಇರಲಿ. ತಿರುಗಿ ಕೊಟ್ಟದ್ದನ್ನೂ ಒಂದು ಸಾಲು ಸೇರಿಸಿ’ ಅಂದಳು.

ನಾಲ್ಕು ದಿನದಿಂದ ಕೂತಿದ್ದೇನೆ. ಶಾಪದ ಸಾಲುಗಳೆಲ್ಲ ‘ಹೋಗಲಿ’ ಎಂದು ಮುಗಿಯುತ್ತವೆ. ತಿರುಗಿ ಕೊಟ್ಟವನ ಸಾಲು ಆ ರಾಗಕ್ಕೆ ಕೂರುತ್ತಲೇ ಇಲ್ಲ. ಒಂದು ಮಾತ್ರೆ ಜಾಸ್ತಿಯಾಗುತ್ತದೆ, ಇಲ್ಲ ಅಂದರೆ ಅರ್ಥ ಕೆಡುತ್ತದೆ. ರಾಗ ಗೊತ್ತಿರುವವರು ಯಾರಾದರೂ ನಮ್ಮ ಕಡೆ ಇದ್ದರೆ 20ನೇ ತಾರೀಖಿನ ಒಳಗೆ ಬರೆದು ಕಳಿಸಿ. ಹಾಡು ಮುಂದಿನ ಸಂಚಿಕೆಗೆ.